ನಿದ್ದೆ ಕೆಡಿಸದ ಕಾದಂಬರಿ

"ನಿಮ್ಮ ನಿದ್ದೆ ಕೆಡಿಸುವ ಕಾದಂಬರಿ" ಎಂದು ಬೆನ್ನಿನ ಮೇಲೆ ಅಚ್ಚು ಹಾಕಿಸಿಕೊಂಡಿದ್ದ ಪುಸ್ತಕವನ್ನು ಓದುತ್ತಾ ಓದುತ್ತಾ ನಾನು ಅಂಗಡಿಯ ಕೌಂಟರಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆದೆ. ಇದಕ್ಕೆ ಸಾಕ್ಷಿಗಳಿದ್ದಾರೆ. ಒಬ್ಬರು ನನ್ನ ಗಂಡ. ಇನ್ನೊಬ್ಬರು ಓದುವ ಕನ್ನಡಕ ಮಾಡಿಸಲು ಬಂದಿದ್ದ ರಿಟೈರ್ಡ್ ಹೆಡ್‌ಮಾಸ್ಟರು. "ಎಬ್ಬಿಸ್ಬೇಡಿ ಪಾಪ, ನಾನು ಅಷ್ಟರಲ್ಲಿ ತರಕಾರಿ ತಗೊಂಡು ಬರ್ತೀನಿ" ಎಂದು ಅವರು ಮೆಲ್ಲಗೆ ಮೆಟ್ಟಿಲಿಳಿದು ಹೋದರಂತೆ.

ಬಸವೇಶ್ವರನಗರದಲ್ಲಿ ನಮ್ಮದೊಂದು ಸಣ್ಣ ಕನ್ನಡಕದ ಅಂಗಡಿ. ಕಣ್ಣು ಪರೀಕ್ಷೆ ಮಾಡುವವಳು ನಾನು. ಗಾಜು ಅರೆದು ಫ್ರೇಮಿಗೆ ಕೂರಿಸುವವನು ಗಂಡ. ಮನೆ ವಿಜಯನಗರದಲ್ಲಿ. ಇಷ್ಟು ಸಾಲದು, ನನ್ನ ಪರಿಚಯಕ್ಕೆ ಇನ್ನೊಂದು ವಿಷಯ ಹೇಳಲೇಬೇಕು: ನನಗೆ ಸುಲಭಕ್ಕೆ ನಿದ್ದೆ ಬರುವುದಿಲ್ಲ. ನಾನು ಗಾಬರಿಯ ಹೆಂಗಸು. ಗ್ಯಾಸ್ ಆಫ್ ಮಾಡಿದ್ದೇನೆಂದು ಗೊತ್ತಿದ್ದೂ ಬೀಗ ತೆಗೆದು ಒಳಗೆ ಹೋಗಿ ಸಿಲಿಂಡರಿನ ತಲೆ ಮುಟ್ಟಿ ಬರುವವಳು. ಸ್ಕೂಲ್ ವ್ಯಾನು ಎಲ್ಲಿದೆ ಎಂದು ತೋರಿಸುವ ಆ್ಯಪಿನಲ್ಲಿ ವ್ಯಾನಿನ ಚಿತ್ರ ಒಂದು ಸಿಗ್ನಲ್ಲಿನಲ್ಲಿ ಜಾಸ್ತಿ ಹೊತ್ತು ನಿಂತರೆ ನನ್ನ ಅಂಗೈ ಬೆವರುತ್ತದೆ. ಗಿರಾಕಿಯ ಕಣ್ಣಿಗೆ ಗಾಜು ಬದಲಿಸುತ್ತಾ "ಇದು ಚೆನ್ನಾಗಿ ಕಾಣುತ್ತಾ, ಮುಂಚಿನದಾ?" ಎಂದು ಕೇಳುವಾಗಲೂ ಹೊರಗೆ ಆಂಬುಲೆನ್ಸ್ ಸದ್ದು ಕೇಳಿದರೆ, ಅದು ಯಾವ ಕಡೆಗೆ ಹೋಗುತ್ತಿದೆ, ಮಗಳ ಸ್ಕೂಲಿನ ಕಡೆಗೋ ಅಲ್ಲವೋ ಎಂದು ಒಂದು ಕಿವಿ ಅತ್ತ ಹೋಗಿಬಿಡುತ್ತದೆ. ಹಾಗಾಗಿ ನಾನು ಹಗಲುಹೊತ್ತು ಗೊರಕೆ ಹೊಡೆದದ್ದು ನಮ್ಮ ಮನೆಯ ಮಟ್ಟಿಗೆ ಸುದ್ದಿಯೇ. ಗಂಡ ಅದರ ವಿಡಿಯೋ ಮಾಡಿ ಮಗಳಿಗೆ ತೋರಿಸಿದ.

ಆ ಪುಸ್ತಕ ನನ್ನ ಕೈಗೆ ಬಂದದ್ದು ಸುನಂದಾ ಮೇಡಂ ಅವರಿಂದ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು, ನಮ್ಮ ಹಿಂದಿನ ರಸ್ತೆಯಲ್ಲಿದ್ದಾರೆ. ತಿಂಗಳಿಗೊಂದು ಭಾನುವಾರ ಅವರ ಮನೆಯ ಹಾಲಿನಲ್ಲಿ ನಾವು ಒಂದಷ್ಟು ಹೆಂಗಸರು ಸೇರುತ್ತೇವೆ. ಎಲ್ಲರೂ ಒಂದೇ ಪುಸ್ತಕ ಓದಿಕೊಂಡು ಬರಬೇಕು, ಒಬ್ಬರು ಮೊದಲು ಮಾತಾಡಬೇಕು. ಆಮೇಲೆ ಉಪ್ಪಿಟ್ಟು, ಕಾಫಿ. ಕೆಲವು ಸಲ ಉಪ್ಪಿಟ್ಟಿನ ಬಗ್ಗೆಯೇ ಹೆಚ್ಚು ಚರ್ಚೆ ನಡೆದದ್ದೂ ಇದೆ.

"ಮುಂದಿನ ಸಲ ನೀವೇ ಮಾತಾಡಿ" ಎಂದು ಮೇಡಂ ಪುಸ್ತಕ ಕೊಟ್ಟರು. "ತಾಯ್ತನದ ಬಗ್ಗೆ ಇದೆ. ಮುಂದೆ ಯಾವತ್ತೋ ಬರೋ ಕೆಟ್ಟ ಕಾಲದ ಕಥೆ. ನಿಮಗೆ ಸರಿಹೋಗುತ್ತೆ, ಹೇಗೂ ಹೆದರ್ಕೊಳ್ಳೋದು ನಿಮ್ಮ ಸಬ್ಜೆಕ್ಟು."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅವರು ಮೆಲ್ಲಗೆ ಸೇರಿಸಿದರು: "ಲೇಖಕಿನೂ ಬರ್ತಾರೆ. ಇನ್ನೂ ಚಿಕ್ಕ ಹುಡುಗಿ. ಮೊದಲನೇ ಪುಸ್ತಕ. ಸ್ವಲ್ಪ ನೋಡ್ಕೊಂಡು ಮಾತಾಡಿ."

ಅದಕ್ಕೇ ಈ ಬರಹದಲ್ಲಿ ಪುಸ್ತಕದ ಹೆಸರನ್ನೂ ಆ ಹುಡುಗಿಯ ಹೆಸರನ್ನೂ ನಾನು ಹೇಳುವುದಿಲ್ಲ. ಅವಳು ಇನ್ನೂ ಬರೆಯಬೇಕಾದವಳು.

ಕಥೆ ಇಷ್ಟು. ಒಂದು ಮಹಾನಗರ. ಅಲ್ಲಿ ತಾಯ್ತನವೆಂಬುದು ಸರದಿಯ ಡ್ಯೂಟಿ. ಯಾವ ತಾಯಿಯೂ ಯಾವ ಮಗುವನ್ನೂ ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ವರ್ಷ ಮುಗಿದ ದಿನ ಬೂದು ಬಣ್ಣದ ಗಾಡಿ ಬಂದು ಮಗುವನ್ನು ಇನ್ನೊಬ್ಬ ತಾಯಿಯ ಮನೆಗೆ ಸಾಗಿಸುತ್ತದೆ. ಅಂಟಿಕೊಳ್ಳಬಾರದು ಎಂಬುದು ಕಾನೂನು. ನಮ್ಮ ನಾಯಕಿ ಅಂಟಿಕೊಳ್ಳುತ್ತಾಳೆ. ಗಾಡಿ ಬರುವ ಹಿಂದಿನ ದಿನ ಮಗುವನ್ನು ಎತ್ತಿಕೊಂಡು ಓಡುತ್ತಾಳೆ. ಸೈರನ್ನುಗಳು ಕೂಗುತ್ತವೆ. ಕೊನೆಯಲ್ಲಿ ಒಂದು ದೊಡ್ಡ ಗೋಡೆ ಬರುತ್ತದೆ, ಅವಳು ಅದನ್ನು ಹತ್ತುತ್ತಾಳೆ.

ಶುರುವಿಗೆ ನನ್ನ ಎದೆ ಜೋರಾಗಿಯೇ ಹೊಡೆದುಕೊಂಡಿತು. ಬೂದು ಗಾಡಿಯ ಜಾಗದಲ್ಲಿ ಸ್ಕೂಲ್ ವ್ಯಾನನ್ನು ಇಟ್ಟು ನೋಡಿಕೊಂಡೆ. ಈ ಪುಸ್ತಕ ನನ್ನನ್ನು ಮುಗಿಸುತ್ತದೆ ಅಂದುಕೊಂಡೆ. ಆದರೆ ಪುಟ ಉರುಳಿದ ಹಾಗೆ ಒಂದು ಅನುಮಾನ ಶುರುವಾಯಿತು. ಈ ಮಗು ಏನನ್ನೂ ತಿನ್ನುತ್ತಿಲ್ಲವಲ್ಲ? ಮುನ್ನೂರು ಪುಟದ ಉದ್ದಕ್ಕೂ ಆ ತಾಯಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಓಡುತ್ತಾಳೆ, ಅದು ಒಂದು ಸಲವೂ ಉಚ್ಚೆ ಹೊಯ್ಯುವುದಿಲ್ಲ. ಮೂಗು ಸೋರುವುದಿಲ್ಲ. ಚಪ್ಪಲಿ ಕಳೆದುಕೊಳ್ಳುವುದಿಲ್ಲ. ನಾಲ್ಕು ವರ್ಷದ ಮಗು ಆಕಾಶ ನೋಡಿ "ಸ್ವಾತಂತ್ರ್ಯಕ್ಕೆ ಬಣ್ಣವಿದೆಯೇ?" ಎಂದು ಕೇಳುತ್ತದೆ. ನನ್ನ ಮಗಳು ಸಿಂಚನಾ ಆ ವಯಸ್ಸಿನಲ್ಲಿ ಕೇಳುತ್ತಿದ್ದದ್ದು, "ಹಲ್ಲಿಗೆ ಅಮ್ಮ ಇದಾಳಾ? ಅವಳು ಎಲ್ಲಿ? ಫ್ರಿಜ್ಜಿನ ಹಿಂದೆನಾ?" ಆ ಕಾದಂಬರಿಯ ಮಗುವಿಗೆ ಹೆಸರೂ ಇಲ್ಲ. ಬರೀ 'ಮಗು'. ತಾಯಿಗೆ ತಾಯಿ ಇಲ್ಲ, ಪಕ್ಕದ ಮನೆ ಇಲ್ಲ, ಒಲೆಯ ಮೇಲೆ ಇಟ್ಟ ಹಾಲು ಇಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ, ಅವಳ ಭಯ ಯಾವಾಗಲೂ ಸೈರನ್ ಹೊಡೆದುಕೊಂಡು ಬರುತ್ತದೆ. ನೀವೇ ಹೇಳಿ, ಸದ್ದು ಮಾಡಿ ಬರುವ ಭಯಕ್ಕೆ ಯಾರು ಹೆದರುತ್ತಾರೆ? ನಿಜವಾದ ಭಯ ಬರುವುದು, ಇಷ್ಟು ಹೊತ್ತಿಗೆ ಕೇಳಬೇಕಾಗಿದ್ದ ಕಾಲಿಂಗ್ ಬೆಲ್ಲು ಕೇಳದೆ ಹೋದಾಗ. ನಾಯಕಿ ಗೋಡೆಯ ಹತ್ತಿರ ಬರುವಷ್ಟರಲ್ಲಿ ನನ್ನ ತಲೆ ಕೌಂಟರಿನ ಮೇಲಿತ್ತು.

ಈ ಗಾಬರಿಯನ್ನು ನಾನು ಹೊಸದಾಗಿ ಕಂಡುಹಿಡಿದದ್ದೇನಲ್ಲ, ಅಮ್ಮನಿಂದ ಬಂದದ್ದು. ನಾನು ಹುಟ್ಟಿ ಬೆಳೆದದ್ದು ಕಾಮಾಕ್ಷಿಪಾಳ್ಯದ ಒಂದು ವಠಾರದಲ್ಲಿ. ಅಪ್ಪ ಬೇಗ ಹೋಗಿಬಿಟ್ಟಿದ್ದ. ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಬೆಳಿಗ್ಗೆ ನಾವು ಏಳುವ ಹೊತ್ತಿಗೆ ಅನ್ನ ಸಾರು ಮಾಡಿಟ್ಟು, ತಲೆಗೆ ಎಣ್ಣೆ ಹಚ್ಚಿ ಜಡೆ ಬಿಗಿದು, ಬಸ್ಸು ಹಿಡಿಯಲು ಓಡುತ್ತಿದ್ದಳು. ಸಂಜೆ ಬರುವಾಗ ಅವಳ ಕೂದಲಿನಲ್ಲಿ ಹತ್ತಿಯ ನಯವಾದ ದೂಳು ಕೂತಿರುತ್ತಿತ್ತು, ಕೈಯಲ್ಲಿ ಮೆಷಿನ್ ಎಣ್ಣೆಯ ವಾಸನೆ. ಸ್ಕೂಲು ಬಿಟ್ಟ ಮೇಲೆ ಅವಳು ಬರುವ ತನಕ ನಾನೂ ತಮ್ಮನೂ ಪಕ್ಕದ ಮನೆಯ ಜಯಮ್ಮನ ಕಣ್ಣಳತೆಯಲ್ಲಿ. ಆಗ ಫೋನು ಎಲ್ಲಿತ್ತು? ಬೆಳಿಗ್ಗೆ ಬಿಟ್ಟುಹೋದ ಮಕ್ಕಳು ಸಂಜೆ ಇರುತ್ತವೋ ಇಲ್ಲವೋ ಎಂಬುದು ಅಮ್ಮನಿಗೆ ಬಾಗಿಲು ತೆರೆದಾಗಲೇ ಗೊತ್ತಾಗಬೇಕು.

ಅದಕ್ಕೆ ಅವಳು ಕಂಡುಕೊಂಡ ಉಪಾಯ ಕೇಳಿ. ನನ್ನ ಪ್ರತಿಯೊಂದು ಫ್ರಾಕಿನ ಕುತ್ತಿಗೆಯ ಒಳಗೆ, ಕಂಪನಿಯ ಲೇಬಲ್ಲು ಇರುವ ಜಾಗದಲ್ಲಿ, ಬಿಳಿ ಪಟ್ಟಿಯ ಮೇಲೆ ಕೆಂಪು ದಾರದಿಂದ ನನ್ನ ಹೆಸರು, ಅಮ್ಮನ ಹೆಸರು, ಮನೆಯ ವಿಳಾಸ ಕಸೂತಿ ಹಾಕಿಬಿಡುತ್ತಿದ್ದಳು. ಕಳೆದುಹೋದರೆ ಯಾರಾದರೂ ತಂದು ಬಿಡಲಿ ಎಂದು. ಭಾನುವಾರ ಮಧ್ಯಾಹ್ನ ಬಾಗಿಲ ಬೆಳಕಿನಲ್ಲಿ ಕೂತು ಹಲ್ಲಿನಲ್ಲಿ ದಾರ ಕಡಿಯುತ್ತಾ ಅವಳು ಆ ಅಕ್ಷರಗಳನ್ನು ಮೂಡಿಸುತ್ತಿದ್ದದ್ದು ನೆನಪಿದೆ. ಯೂನಿಫಾರಂ, ಸ್ವೆಟರು, ಹಬ್ಬದ ಲಂಗ, ಒಂದನ್ನೂ ಬಿಡಲಿಲ್ಲ. ಸ್ಕೂಲಿನಲ್ಲಿ ಹುಡುಗಿಯರು ನನ್ನ ಕಾಲರ್ ಮಗುಚಿ ಓದಿ "ಪಾರ್ಸಲ್ ಬಂತು, ಪಾರ್ಸಲ್ ಬಂತು" ಎಂದು ಕುಣಿಯುತ್ತಿದ್ದರು. ಹೊಸ ಫ್ರಾಕಿನ ಪಟ್ಟಿ ಕತ್ತನ್ನು ಚುಚ್ಚುತ್ತಿತ್ತು. ಏಳನೇ ಕ್ಲಾಸಿಗೆ ಬಂದ ಮೇಲೆ ನಾನು ಅತ್ತು ಗಲಾಟೆ ಮಾಡಿ ಅದನ್ನು ನಿಲ್ಲಿಸಿದೆ. ಅಮ್ಮ ಕೆಂಪು ದಾರವನ್ನು ಎತ್ತಿಟ್ಟಳು. ಅವತ್ತಿನಿಂದ ಸಂಜೆ ಬಸ್ಸು ಇಳಿದವಳು ನಡೆದು ಬರುತ್ತಿರಲಿಲ್ಲ, ಓಡಿ ಬರುತ್ತಿದ್ದಳು ಎಂದು ಜಯಮ್ಮ ಎಷ್ಟೋ ವರ್ಷದ ಮೇಲೆ ಹೇಳಿದರು.

ಎಲ್ಲಿಂದ ಎಲ್ಲಿಗೋ ಬಂದೆ. ಕಾದಂಬರಿಗೆ ವಾಪಸು ಹೋಗೋಣ ಎಂದರೆ ಅದಕ್ಕೂ ಮುಂಚೆ ಶನಿವಾರ ಅಡ್ಡ ಬರುತ್ತದೆ.

ಸಿಂಚನಾಗೆ ಈಗ ಹನ್ನೆರಡು. ಪ್ರತಿ ಶನಿವಾರ ಬೆಳಿಗ್ಗೆ ಕೆಂಗೇರಿ ಉಪನಗರದಲ್ಲಿ ಈಜು ಕ್ಲಾಸಿಗೆ ಹೋಗುತ್ತಾಳೆ. ಅಷ್ಟು ದೂರ ಯಾಕೆ ಎಂದರೆ, ಅಲ್ಲಿ ಹೆಣ್ಣುಮಕ್ಕಳಿಗೆ ಹೆಂಗಸೇ ಕಲಿಸುತ್ತಾಳೆ ಎಂದು ನಾನೇ ಹುಡುಕಿ ಸೇರಿಸಿದ್ದು. ಸೇರಿಸಿದ ಮೇಲೆ ವಿಜಯನಗರದಿಂದ ಮೆಟ್ರೋದಲ್ಲಿ ನಾನೇ ಕರೆದುಕೊಂಡು ಹೋಗುವುದು, ಅವಳು ನೀರಿನಲ್ಲಿರುವಷ್ಟು ಹೊತ್ತೂ ದಡದ ಕುರ್ಚಿಯಲ್ಲಿ ಕೂತು ಅವಳ ತಲೆ ಮೇಲೆ ಬರುವುದನ್ನೇ ಕಾಯುವುದು, ವಾಪಸು ಕರೆತರುವುದು. ಆ ಶನಿವಾರ ಅವಳು ಹಠ ಹಿಡಿದಳು.

"ನಾನೊಬ್ಳೇ ಹೋಗ್ತೀನಿ. ಒಂದೇ ಟ್ರೈನು. ಹತ್ತೋದು, ಇಳಿಯೋದು. ಅಷ್ಟೇ ಅಲ್ವಾ?"

"ಅಷ್ಟೇ ಅಲ್ಲ" ಎಂದೆ. ಇನ್ನೇನೇನು ಎಂದು ಹೇಳಲು ನನ್ನ ಹತ್ತಿರ ಬಹಳ ಇತ್ತು. ಗಂಡ ಮಧ್ಯೆ ಬಂದ. "ಹೋಗ್ಲಿ ಬಿಡೇ. ಫೋನ್ ಕೊಟ್ಟು ಕಳ್ಸು. ಯಾವತ್ತಾದ್ರೂ ಹೋಗ್ಬೇಕಲ್ಲ."

ಬಟನ್ನಿನ ಸಣ್ಣ ಫೋನು ಕೊಟ್ಟು ಕಳಿಸಿದೆ. ತಲುಪಿದ ತಕ್ಷಣ ಅವಳು ಫೋನು ಮಾಡಿದಳು. "ಬಂದೆ, ಬೈ" ಎಂದಿಷ್ಟೇ. ನಾನು ಅಂಗಡಿಗೆ ಹೋಗಿ, ಭಾನುವಾರದ ಮಾತಿಗೆಂದು ಆ ಕಾದಂಬರಿಯನ್ನು ಮತ್ತೊಮ್ಮೆ ತಿರುವಿಹಾಕುತ್ತಾ ಕೂತೆ. ಕ್ಲಾಸು ಮುಗಿದು ಅವಳು ಮನೆಗೆ ಬಂದು ಫೋನು ಮಾಡಬೇಕಾದ ಹೊತ್ತು ಬಂತು. ಫೋನು ಬರಲಿಲ್ಲ. ಐದು ನಿಮಿಷ ಕಾದೆ, ಮರ್ಯಾದೆಗೆ. ಆಮೇಲೆ ನಾನೇ ಮಾಡಿದೆ. ಸ್ವಿಚ್ ಆಫ್.

ಬ್ಯಾಟರಿ ಮುಗಿದಿರಬೇಕು ಎಂದ ಗಂಡ. ರಾತ್ರಿಯಿಡೀ ಚಾರ್ಜಿಗೆ ಹಾಕಿದವಳು ನಾನು, ನನಗೆ ಗೊತ್ತಿಲ್ಲವೇ? ಮನೆಯ ಕೆಳಗಿನವರಿಗೆ ಫೋನು ಮಾಡಿದೆ, ಮೇಲೆ ಬೀಗ ಹಾಕಿಯೇ ಇದೆ ಎಂದರು. ಈಜು ಕಲಿಸುವ ಟೀಚರಿಗೆ ಮಾಡಿದೆ. ಅವರ ಹಿಂದೆ ನೀರಿನ ಸದ್ದು, ಮಕ್ಕಳ ಕೂಗಾಟ.

"ಸಿಂಚನಾ ಇವತ್ತು ನೀರಿಗೆ ಇಳೀಲೇ ಇಲ್ಲ ಮೇಡಂ. ಬಟ್ಟೆ ಬದಲಾಯ್ಸೋಕೆ ಹೋದೋಳು ವಾಪಸ್ ಬಂದು, 'ಆಂಟಿ, ಹೊಟ್ಟೆನೋವು, ಮನೆಗೆ ಹೋಗ್ತೀನಿ' ಅಂದ್ಲು. ಯಾರಾದ್ರೂ ಜೊತೆಗಿದಾರಾ ಅಂದೆ. ಅಮ್ಮ ಮೆಟ್ರೋ ಹತ್ರ ಇದಾರೆ ಅಂದ್ಲಲ್ಲ? ಯಾಕೆ, ಇನ್ನೂ ಬಂದಿಲ್ವಾ?"

ನಾನು ಫೋನು ಇಟ್ಟದ್ದು ಗೊತ್ತು. ಕುರ್ಚಿಯಲ್ಲಿ ಪರೀಕ್ಷೆಯ ಫ್ರೇಮು ಹಾಕಿಕೊಂಡು ಕೂತಿದ್ದ ಹೆಂಗಸೊಬ್ಬರು "ಮೇಡಂ, ನಂಗೆ ಇದರಲ್ಲಿ ಏನೂ ಕಾಣ್ತಿಲ್ಲ" ಎಂದದ್ದು ಗೊತ್ತು. ಆಮೇಲೆ ನಾನು ರಸ್ತೆಯಲ್ಲಿದ್ದೆ. ಗಂಡ ಸ್ಕೂಟರ್ ತೆಗೆದುಕೊಂಡು ಮನೆಯ ಕಡೆಗೆ ಹೋದ, ನಾನು ಆಟೋದಲ್ಲಿ ವಿಜಯನಗರ ಮೆಟ್ರೋ ಸ್ಟೇಷನ್ನಿಗೆ.

ಹೊಟ್ಟೆನೋವು. ಅದೊಂದು ಪದ ಹಿಡಿದುಕೊಂಡು ನನ್ನ ತಲೆ ಏನೇನು ಮಾಡಿತು ಎಂದು ಬರೆಯುವುದಿಲ್ಲ. ಅಮ್ಮಂದಿರಿಗೆ ಬರೆಯಬೇಕಾಗಿಲ್ಲ. ಸ್ಟೇಷನ್ನಿನಲ್ಲಿ ಬ್ಯಾಗು ಮೆಷಿನ್ನಿನೊಳಗೆ ಹೋಗಿ ಆ ಕಡೆ ಬರುವಷ್ಟು ಹೊತ್ತು ನಾನು ಸೆಕ್ಯುರಿಟಿ ಹುಡುಗಿಗೆ ಮಗಳ ಫೋಟೋ ತೋರಿಸುತ್ತಾ ನಿಂತಿದ್ದೆ. "ನೀಲಿ ಟೀಶರ್ಟು. ಎರಡು ಜಡೆ. ಎಡಗಡೆ ಹಲ್ಲು ಸ್ವಲ್ಪ ಮುಂದೆ ಬಂದಿದೆ." ಹಲ್ಲಿನ ವಿಷಯ ಯಾಕೆ ಹೇಳಿದೆನೋ. ಅವಳು ಪಾಪ, ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. "ನಾನು ಈಗ್ಲೇ ಡ್ಯೂಟಿಗೆ ಬಂದೆ ಅಕ್ಕ. ಒಳಗೆ ಹೇಳ್ತೀನಿ, ಕ್ಯಾಮೆರಾ ನೋಡ್ತಾರೆ. ನೀವು ನೀರು ಕುಡೀರಿ" ಎಂದಳು. ಕುಡಿಯಲಿಲ್ಲ. ಕ್ಯಾಮೆರಾ ನೋಡುವ ತನಕ ನಿಲ್ಲುವ ತಾಳ್ಮೆಯೂ ಇರಲಿಲ್ಲ. ಟ್ರೈನು ಬಂದ ಸದ್ದಾಯಿತು, ಹತ್ತಿಬಿಟ್ಟೆ.

ಕೆಂಗೇರಿಯ ಕಡೆಗೆ ಹೋಗುವ ಟ್ರೈನಿನಲ್ಲಿ ಕೂರಲಾಗದೆ ಬಾಗಿಲ ಗಾಜಿಗೆ ಅಂಟಿಕೊಂಡು ನಿಂತೆ. ಪ್ರತಿ ಸ್ಟೇಷನ್ನಿನಲ್ಲೂ ಎದುರಿನ ಪ್ಲಾಟ್‌ಫಾರಂ ಮೇಲೆ ನೀಲಿ ಟೀಶರ್ಟ್ ಹುಡುಕುವುದು. ಅತ್ತಿಗುಪ್ಪೆ. ಇಲ್ಲ. ದೀಪಾಂಜಲಿನಗರ. ಇಲ್ಲ. ಮೈಸೂರು ರಸ್ತೆಯಲ್ಲಿ ಒಂದು ನೀಲಿ ಕಂಡು ಗಾಜಿಗೆ ಹಣೆ ಹೊಡೆದುಕೊಂಡೆ. ಯಾವುದೋ ಹುಡುಗ. ನನ್ನ ಕೆಳಗೆ ಊರಿನ ಟೆರೇಸುಗಳು, ನೀರಿನ ಟ್ಯಾಂಕುಗಳು, ಒಣಗಿಹಾಕಿದ ಬಟ್ಟೆಗಳು ಹಿಂದಕ್ಕೆ ಹೋಗುತ್ತಿದ್ದವು. ಇಷ್ಟು ಮನೆಗಳಲ್ಲಿ ಯಾವುದರಲ್ಲಿ ಬೇಕಾದರೂ ಒಂದು ಮಗು ಇಲ್ಲವಾಗಬಹುದು ಎಂದು ಅನಿಸಿತು.

ಅಮ್ಮನಿಗೆ ಒಂದು ಫೋನು ಮಾಡಬೇಕು ಎಂದು ನಾಲ್ಕಾರು ಸಲ ಬೆರಳು ಹೋಗಿ ಹಿಂದೆ ಬಂತು. ಅವಳು ಈಗಲೂ ಕಾಮಾಕ್ಷಿಪಾಳ್ಯದಲ್ಲೇ, ತಮ್ಮನ ಸಂಸಾರದ ಜೊತೆ ಇದ್ದಾಳೆ. ಬಿ.ಪಿ. ಇದೆ. ಸುಮ್ಮನೆ ಅವಳನ್ನು ಯಾಕೆ ಹೆದರಿಸುವುದು ಎಂದು ಬಿಟ್ಟೆ.

ಜ್ಞಾನಭಾರತಿ ದಾಟುತ್ತಿದ್ದಾಗ ಅಮ್ಮನೇ ಫೋನು ಮಾಡಿದಳು.

"ಏನೇ, ಎಲ್ಲಿದೀಯ?"

"ಇಲ್ಲೇ ಅಮ್ಮ. ಅಂಗಡೀಲಿ" ಎಂದೆ, ಸ್ವರ ಆದಷ್ಟು ನೆಟ್ಟಗೆ ಮಾಡಿಕೊಂಡು. ಅದೇ ಹೊತ್ತಿಗೆ ತಲೆಯ ಮೇಲಿನ ಸ್ಪೀಕರು ಮುಂದಿನ ನಿಲ್ದಾಣ ಪಟ್ಟಣಗೆರೆ ಎಂದು ಸ್ಪಷ್ಟವಾಗಿ ಹೇಳಿತು.

"ಅಂಗಡಿ ಯಾವಾಗ ಪಟ್ಟಣಗೆರೆಗೆ ಹೋಯ್ತು? ಇಳ್ದು ವಾಪಸ್ ಬಾ. ನಿನ್ ಮಗ್ಳು ಇಲ್ಲೇ ಅವ್ಳೆ. ಚೆನ್ನಾಗವ್ಳೆ. ಗಾಬರಿ ಬೀಳ್ಬೇಡ."

ಪಟ್ಟಣಗೆರೆ ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕೂತು ಅತ್ತೆ. ಒಬ್ಬ ಹುಡುಗ ಇಯರ್‌ಫೋನ್ ತೆಗೆದು "ಆಂಟಿ, ಏನಾದ್ರೂ ಹೆಲ್ಪ್ ಬೇಕಾ?" ಎಂದ. ಬೇಡವೆಂದು ತಲೆ ಆಡಿಸಿದೆ. ಗಂಡನಿಗೆ ಫೋನು ಮಾಡಿ ಹೇಳಿದೆ. ಅವನು ಮೂಗು ಒರೆಸಿಕೊಂಡ ಸದ್ದು ಕೇಳಿತು. ಯಾವತ್ತಾದರೂ ಹೋಗಬೇಕಲ್ಲ ಎಂದಿದ್ದ ಮನುಷ್ಯ.

ಕಾಮಾಕ್ಷಿಪಾಳ್ಯಕ್ಕೆ ತಲುಪಿದಾಗ ಸಿಂಚನಾ ಅಜ್ಜಿಯ ಹಳೇ ನೈಟಿ ಹಾಕಿಕೊಂಡು ಮಂಚದ ಮೇಲೆ ಕಾಲು ನೀಡಿ ಕೂತಿದ್ದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಕೊಬ್ಬರಿ, ಬೆಲ್ಲ, ಎಳ್ಳಿನ ಚಿಗಳಿ. ತಟ್ಟೆ ನೋಡಿದ ಕೂಡಲೇ ನನಗೆ ಅರ್ಥವಾಯಿತು. ನಮ್ಮ ಕಡೆ ಹುಡುಗಿ ದೊಡ್ಡವಳಾದರೆ ಮೊದಲು ಕೊಡುವುದೇ ಅದು.

ನಾನು ಬಾಗಿಲಲ್ಲೇ ನಿಂತೆ. ಹತ್ತಿರ ಹೋಗಿ ಅಪ್ಪಿಕೊಳ್ಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಎರಡನ್ನೂ ಒಟ್ಟಿಗೆ ಮಾಡಿದೆ ಅನಿಸುತ್ತದೆ.

"ಫೋನ್ ಯಾಕೆ ಆಫ್ ಮಾಡಿದ್ದೆ? ನಂಗ್ಯಾಕೆ ಹೇಳ್ಲಿಲ್ಲ?"

ಅವಳು ಅಜ್ಜಿಯ ಮುಖ ನೋಡಿದಳು. "ನಿನಗೆ ಹೇಳಿದ್ರೆ ನೀನು ಗಾಬರಿ ಆಗ್ತೀಯ ಅಂತ."

"ಗಾಬರಿ ಯಾಕೆ ಆಗ್ತೀನಿ? ಇದೆಲ್ಲ ನಾನೇ ಹೇಳ್ಕೊಟ್ಟಿದೀನಲ್ಲ?"

ಹೇಳಿಕೊಟ್ಟಿದ್ದೆ, ಸುಳ್ಳಲ್ಲ. ಎರಡು ವರ್ಷದಿಂದ ಹೇಳುತ್ತಲೇ ಇದ್ದೆ. ಪುಸ್ತಕ ತಂದು ಚಿತ್ರ ತೋರಿಸಿದ್ದೆ. ಅವಳ ಪ್ರತಿ ಬ್ಯಾಗಿನಲ್ಲೂ ಪ್ಯಾಡು, ಒಂದು ಜೊತೆ ಒಳಬಟ್ಟೆ, ಒಂದು ಚಾಕೊಲೇಟು ಇರುವ ಪೌಚು ಇಟ್ಟಿದ್ದೆ. ಅಷ್ಟು ತಯಾರಿ ಮಾಡಿಸಿದ ತಾಯಿ ಈ ಲೇಔಟಿನಲ್ಲಿ ಇನ್ನೊಬ್ಬಳಿಲ್ಲ ಎಂದು ಒಳಗೊಳಗೇ ಹೆಮ್ಮೆ ಇತ್ತು.

"ಪೌಚಲ್ಲಿದ್ದದ್ದೇ ಯೂಸ್ ಮಾಡ್ದೆ ಅಮ್ಮ. ಎಲ್ಲ ನೀನು ಹೇಳಿದ್ ಥರಾನೇ ಮಾಡ್ದೆ. ಆಮೇಲೆ ಅಳು ಬಂತು. ಯಾರನ್ನಾದ್ರೂ ನೋಡ್ಬೇಕು ಅನ್ನಿಸ್ತು." ಚಿಗಳಿಯ ಚೂರನ್ನು ತಟ್ಟೆಗೆ ಹಾಕಿದಳು. "ನೀನು ಫೋನ್ ಮಾಡಿದ್ರೆ ನನ್ ವಾಯ್ಸ್ ಕೇಳಿ ಗೊತ್ತಾಗ್ಬಿಡುತ್ತೆ. ಆಮೇಲೆ ನಿನ್ನ ನಾನು ಸಮಾಧಾನ ಮಾಡ್ಬೇಕು. ಅದಕ್ಕೇ ಆಫ್ ಮಾಡ್ದೆ. ಮೆಟ್ರೋ ಇಳಿದು ಆಟೋ ಹಿಡ್ಕೊಂಡು ಅಜ್ಜಿ ಹತ್ರ ಬಂದೆ."

ನಿನ್ನ ನಾನು ಸಮಾಧಾನ ಮಾಡಬೇಕು. ಹನ್ನೆರಡು ವರ್ಷದ ಮಗು ಇದನ್ನು ದೂರಿನ ಹಾಗೆ ಹೇಳಲಿಲ್ಲ, ಮನೆಯ ಸಾಮಾನ್ಯ ಕೆಲಸವೊಂದರ ಹಾಗೆ ಹೇಳಿತು. ಹಾಲು ತರಬೇಕು, ಮೋಟರ್ ಆನ್ ಮಾಡಬೇಕು, ಅಮ್ಮನನ್ನು ಸಮಾಧಾನ ಮಾಡಬೇಕು. ನಾನು ಅವಳನ್ನು ಕಾಯುತ್ತಿದ್ದೇನೆ ಎಂದುಕೊಂಡ ಇಷ್ಟು ದಿನವೂ ಅವಳು ನನ್ನನ್ನು ಕಾಯುತ್ತಿದ್ದಳು.

ಅಡುಗೆಮನೆಗೆ ಹೋಗಿ ಕಟ್ಟೆಗೆ ಒರಗಿ ನಿಂತೆ. ಅಮ್ಮ ಹಿಂದೆಯೇ ಬಂದಳು. ಚೊಂಬಿನಲ್ಲಿ ನೀರು ಕೊಟ್ಟಳು.

"ಬಂದ ತಕ್ಷಣ ನಂಗೊಂದು ಫೋನ್ ಮಾಡ್ಬಾರ್ದಾಗಿತ್ತಾ ಅಮ್ಮ? ಜೀವ ಹೋಗಿತ್ತು ನಂದು."

"ಮಾಡ್ಬೇಡ ಅಂತ ಕಾಲು ಹಿಡ್ಕೊಂಡ್ಳು. ಒಂಚೂರು ಅಳ್ಲಿ, ಸ್ನಾನ ಮಾಡ್ಲಿ ಅಂತ ನೋಡ್ದೆ. ಆಮೇಲೆ ತಡೀಲಿಲ್ಲ, ಅವ್ಳು ಬಚ್ಚಲಿಗೆ ಹೋದಾಗ ಮಾಡ್ದೆ." ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ನೀನು ದೊಡ್ಡೋಳಾದಾಗ ನಂಗೆ ಯಾರು ಹೇಳಿದ್ದು, ಗೊತ್ತಾ?"

ಗೊತ್ತಿತ್ತು. ಜಯಮ್ಮ.

"ನಾನು ಸಂಜೆ ಬರೋ ಹೊತ್ಗೆ ಎಲ್ಲಾ ಆಗೋಗಿತ್ತು. ತಲೆಗೆ ನೀರು ಹಾಕಿ, ಅವರ ಮಗಳ ಲಂಗ ಉಡ್ಸಿ ಕೂರ್ಸಿದ್ರು. ನನ್ ಮಗ್ಳು ನಂಗೆ ಮೊದ್ಲು ಹೇಳ್ಲಿಲ್ವಲ್ಲ ಅಂತ ಬಚ್ಚಲಲ್ಲಿ ಕೂತು ಅತ್ತೆ. ಮಾರನೇ ದಿನ ಮೆಷಿನ್ ಮುಂದೆ ಕೂತಾಗ ಅನ್ನಿಸ್ತು, ಯಾರ್ ಹತ್ರನಾದ್ರೂ ಹೋಗಿ ಹೇಳ್ಕೊಂಡ್ಳಲ್ಲ, ಒಬ್ಳೇ ಮೂಲೇಲಿ ಕೂರ್ಲಿಲ್ವಲ್ಲ, ಅಷ್ಟು ಸಾಕು ಅಂತ."

ಅಮ್ಮ ಅತ್ತಿದ್ದಳೆಂದು ನನಗೆ ಅವತ್ತೇ ಗೊತ್ತಾದದ್ದು. ಅವಳು ಹಾಗೆಲ್ಲ ಹೇಳಿಕೊಳ್ಳುವವಳಲ್ಲ. ಹೇಳಿ ಮುಗಿಸಿ ಮಾತು ಬದಲಾಯಿಸಿದಳು. "ನಾಳೆ ಭಾನುವಾರ ಆರತಿ ಮಾಡಾಣ ಅಂದ್ರೆ ಒಪ್ತಾ ಇಲ್ಲ ನಿನ್ ಮಗ್ಳು. ನೀನಾದ್ರೂ ಹೇಳು."

"ಅಜ್ಜೀ, ಆರತಿ ಗೀರತಿ ಬೇಡ ಅಂದೆ ತಾನೇ!" ಎಂದು ಒಳಗಿನಿಂದ ಕೂಗು ಬಂತು. ಕಿವಿ ಚುರುಕಾಗಿಯೇ ಇದೆ ಎಂದು ಸಮಾಧಾನವಾಯಿತು.

ಮಾರನೇ ದಿನ ಭಾನುವಾರ. ಸುನಂದಾ ಮೇಡಂ ಮನೆಗೆ ಹೋಗುವ ಮನಸ್ಸೇ ಇರಲಿಲ್ಲ. ಮಾತಾಡುತ್ತೇನೆಂದು ಒಪ್ಪಿಕೊಂಡಿದ್ದೆನಲ್ಲ, ಹೋದೆ. ಲೇಖಕಿ ಸ್ವಲ್ಪ ತಡವಾಗಿ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಡಲು ಗೋಡೆ ಹಿಡಿದುಕೊಂಡಳು. ಏಳು ತಿಂಗಳು ತುಂಬಿದ ಹೊಟ್ಟೆ.

ಮಗು ಉಚ್ಚೆ ಹೊಯ್ಯುವುದಿಲ್ಲ, ಮೂಗು ಸೋರುವುದಿಲ್ಲ ಎಂದು ನಾನು ತಮಾಷೆಯಾಗಿ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಆ ಹೊಟ್ಟೆಯ ಮುಂದೆ ಕ್ರೂರವಾಗಿ ಕಂಡವು. ಭಾಷೆ ಚೆನ್ನಾಗಿದೆ ಎಂದೆ. ಗೋಡೆಯ ವರ್ಣನೆ ಚೆನ್ನಾಗಿದೆ ಎಂದೆ. ಮುಖಪುಟ ಕೂಡ ಚೆನ್ನಾಗಿದೆ ಎಂದೆ. ಅಷ್ಟರಲ್ಲಿ ಅವಳೇ ತಡೆದಳು.

"ಮೇಡಂ, ನಿಜ ಹೇಳಿ. ಓದಿದಾಗ ನಿಮಗೆ ಭಯ ಆಯ್ತಾ?"

ಸುನಂದಾ ಮೇಡಂ ನನ್ನನ್ನು ಕಣ್ಣಲ್ಲೇ ಎಚ್ಚರಿಸಿದರು. ನಾನು ಅವರ ಕಡೆ ನೋಡದೆ ಹೇಳಿಬಿಟ್ಟೆ.

"ಇಲ್ಲಮ್ಮ. ಆಗ್ಲಿಲ್ಲ. ನಂಗೆ ಭಯ ಆಗಿದ್ದು ನಿನ್ನೆ."

ಹೆಸರು ಎತ್ತದೆ, ಮಗಳ ಗುಟ್ಟನ್ನು ಬಿಟ್ಟು, ಉಳಿದದ್ದಷ್ಟನ್ನೂ ಹೇಳಿದೆ. ಸ್ವಿಚ್ ಆಫ್ ಆದ ಫೋನು, ಎದುರಿನ ಪ್ಲಾಟ್‌ಫಾರಮ್ಮು, ಪಟ್ಟಣಗೆರೆ. ನಾನು ಮುಗಿಸುವ ಮೊದಲೇ ಪಕ್ಕದ ಕುರ್ಚಿಯವರು ಶುರುಮಾಡಿದರು, ಅವರ ಮಗ ಆರು ತಿಂಗಳ ಕೂಸಾಗಿದ್ದಾಗ ನುಂಗಿದ ಗುಂಡಿಯ ಕಥೆ. ಅದಕ್ಕೆ ಇನ್ನೊಬ್ಬರು, ಜ್ವರ ಏರಿ ಕಣ್ಣು ಮೇಲೆ ಹೋದ ದಿನದ ಕಥೆ. ಮತ್ತೊಬ್ಬರು, ಮದುವೆ ಛತ್ರದಲ್ಲಿ ಯಾರದೋ ಕೈ ಹಿಡಿದು ಹೊರಟೇಹೋಗಿದ್ದ ಮಗಳ ಕಥೆ. ಮಲಗಿದ ಮಗುವಿನ ಮೂಗಿನ ಕೆಳಗೆ ಬೆರಳು ಹಿಡಿದು ಉಸಿರು ನೋಡುತ್ತಿದ್ದವರು ಕೈ ಎತ್ತಿ ಎಂದರೆ ಎಲ್ಲರೂ ಎತ್ತುತ್ತಿದ್ದರು. ಸೊಸೆ ಹೆತ್ತಾಗಲೂ ನೋಡುತ್ತಿದ್ದೆ ಎಂದರು ಒಬ್ಬರು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು. ಅಳುತ್ತಿದ್ದೇವೋ ನಗುತ್ತಿದ್ದೇವೋ ನಮಗೇ ಗೊತ್ತಾಗುತ್ತಿರಲಿಲ್ಲ. ಕಾದಂಬರಿ ಟೀಪಾಯಿಯ ಮೇಲೆ ಉಪ್ಪಿಟ್ಟಿನ ತಟ್ಟೆಗಳ ಕೆಳಗೆ ಹೋಗಿತ್ತು.

ಕೊನೆಗೆ ಸುನಂದಾ ಮೇಡಂ ಚಪ್ಪಾಳೆ ತಟ್ಟಿದರು. "ಸಾಕು ಸುಮ್ನಿರ್ರೇ! ಆ ಹುಡುಗಿ ಮುಖ ನೋಡಿ!"

ನೋಡಿದೆವು. ಲೇಖಕಿ ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಸುಣ್ಣದ ಹಾಗೆ ಬಿಳಿಚಿಕೊಂಡಿದ್ದಳು. ಅವಳ ಪುಸ್ತಕ ನಮ್ಮನ್ನು ಹೆದರಿಸಲಿಲ್ಲ. ನಾವು ಎಲ್ಲರೂ ಸೇರಿ ಅವಳನ್ನು ಹೆದರಿಸಿ ಕೂರಿಸಿದ್ದೆವು.

ಹೊರಡುವಾಗ ನಾನೇ ಅವಳನ್ನು ಕೆಳಗಿನ ತನಕ ಬಿಡಲು ಹೋದೆ. ಆಟೋ ಕಾಯುತ್ತಾ ಅವಳು ಕೇಳಿದಳು, "ಮೇಡಂ, ಆಮೇಲೆ ಅಭ್ಯಾಸ ಆಗುತ್ತಾ?"

ಆಗುತ್ತೆ ಎಂದು ಹೇಳಬಹುದಾಗಿತ್ತು. "ನಂಗಿನ್ನೂ ಆಗಿಲ್ಲ ಕಣಮ್ಮ" ಎಂದೆ. "ಆದ್ರೆ ನೀವು ಒಬ್ರೇ ಇರಲ್ಲ. ನಿಮ್ಮ ಕಥೆಯಲ್ಲಿ ಆ ಹೆಂಗಸು ತುಂಬಾ ಒಂಟಿ. ಅವಳಿಗೊಬ್ಬ ಅಮ್ಮನ್ನ ಕೊಡಿ. ಇಲ್ಲಾಂದ್ರೆ ಪಕ್ಕದ ಮನೆಯೋರನ್ನ." ಅವಳು ತಲೆಯಾಡಿಸಿದಳು. ನನ್ನ ಫೋನ್ ನಂಬರು ಬರೆದುಕೊಂಡಳು. ಈಗಲೂ ಆಗಾಗ ಫೋನು ಮಾಡುತ್ತಾಳೆ, ಕಾದಂಬರಿಯ ಬಗ್ಗೆ ಅಲ್ಲ, ಮಗು ಒದೆಯುವುದು ಕಡಿಮೆಯಾಗಿದೆ ಅನಿಸಿದಾಗ. ನಾನು ಡಾಕ್ಟರಿಗೆ ಫೋನು ಮಾಡು ಎನ್ನುತ್ತೇನೆ. ಅವರು ಎಲ್ಲ ಸರಿಯಿದೆ ಎಂದರೆಂದು ಅವಳು ತಿಳಿಸುವ ತನಕ ನನಗೂ ಕೈ ಕಾಲು ಆಡುವುದಿಲ್ಲ.

ಅದಾದ ಮೇಲಿನ ಶನಿವಾರ ಸಿಂಚನಾ ಈಜುಬಟ್ಟೆಯ ಬ್ಯಾಗು ಹೆಗಲಿಗೇರಿಸಿ ಬಂದು ನಿಂತಳು. ನಾನು ಏನೂ ಆಗಿಲ್ಲವೆಂಬ ಮುಖ ಮಾಡಿಕೊಂಡು ಪಾತ್ರೆ ಒರೆಸುತ್ತಿದ್ದೆ.

"ಅಮ್ಮ, ಭಯ ಆಗ್ತಿದ್ಯಾ?"

ಇಲ್ಲ ಎನ್ನಲು ಬಾಯಿ ತೆರೆದೆ. "ಹೂಂ" ಎಂದೆ.

"ಜಾಸ್ತಿನಾ?"

"ಜಾಸ್ತಿನೇ. ಆದ್ರೆ ಅದು ನಂದು. ನಾನು ನೋಡ್ಕೋತೀನಿ. ನಿಂಗೇನಾದ್ರೂ ಆದ್ರೆ ಮೊದ್ಲು ಹೇಳು. ನಂಗೆ ಹೇಳೋಕಾಗ್ಲಿಲ್ಲ ಅಂದ್ರೆ ಅಜ್ಜಿಗೆ ಹೇಳು. ಫೋನ್ ಮಾತ್ರ ಆಫ್ ಮಾಡ್ಬೇಡ."

"ಸರಿ. ಗೇಟ್ ತನಕ ಬಾ. ಆಮೇಲೆ ಬರ್ಬೇಡ."

ಇಬ್ಬರೂ ಸ್ಟೇಷನ್ನಿಗೆ ನಡೆದೆವು. ಕಾರ್ಡು ಒತ್ತಿ ಗೇಟು ದಾಟಿದವಳು ಎಸ್ಕಲೇಟರಿನ ಅರ್ಧದಲ್ಲಿ ತಿರುಗಿ, ಹೋಗು ಎಂದು ಕೈಸನ್ನೆ ಮಾಡಿದಳು. ನಾನು ಸರಿ ಎಂದು ತಲೆಯಾಡಿಸಿ, ಕೆಳಗಿಳಿದು, ರಸ್ತೆ ದಾಟಿ, ಎದುರು ಬದಿಯ ಮರದ ಹಿಂದೆ ನಿಂತೆ. ಅಲ್ಲಿಂದ ಮೇಲಿನ ಪ್ಲಾಟ್‌ಫಾರಂನ ಒಂದು ತುಂಡು ಕಾಣುತ್ತದೆ. ಟ್ರೈನು ಬರಲಿ, ಅವಳು ಹತ್ತಲಿ, ಅಷ್ಟು ನೋಡಿಕೊಂಡು ಅಂಗಡಿಗೆ ಹೋದರಾಯಿತು ಎಂದು ಲೆಕ್ಕ ಹಾಕಿಕೊಂಡೆ.

ಫೋನು ಬಂತು.

"ಅಮ್ಮ, ಮೇಲಿಂದ ನಿನ್ನ ದುಪಟ್ಟ ಕಾಣ್ತಿದೆ. ಮರದಿಂದ ಈಚೆಗೆ ಬಾ, ಟಾಟಾ ಮಾಡ್ತೀನಿ. ಆಮೇಲೆ ಹೋಗು."